ಮೂರನೆಯ ಕುರ್ಚಿಯ ಹಾರ

ಜನವರಿಯ ಮೊದಲ ಶನಿವಾರ, ಮಧ್ಯಾಹ್ನ ಮೂರೂವರೆ ಗಂಟೆ. ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಒಂದು. ಹಾಸನದಲ್ಲಿ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ವಾರ್ಷಿಕೋತ್ಸವ. ಹಾಜರಿದ್ದವರು: ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯಿನಿ ಮದರ್ ಮತ್ತು ಶಾಲೆಗೆ ನೆರವಾದ ನಾಲ್ವರು ಪೋಷಕರು. ಕೆಳಗೆ ಜಮಖಾನದ ಮೇಲೆ ಹುಡುಗಿಯರು, ಹಿಂದೆ ಬೆಂಚುಗಳಲ್ಲಿ ಮನೆಯವರು, ಕಾಂಪೌಂಡು ಗೋಡೆಗೆ ಒರಗಿ ಊರಿನ ಜನ, ವೇದಿಕೆಯ ಮಗ್ಗುಲಲ್ಲಿ ವಾಲಗದವರು. ಎರಡನೇ ಬೆಂಚಿನಲ್ಲಿ ನನ್ನ ಅಪ್ಪ, ಅವರ ಪಕ್ಕದಲ್ಲಿ ದೊಡ್ಡಪ್ಪ. ಪರದೆಯ ಹಿಂದೆ ಹೂವಿನ ತಟ್ಟೆ ಹಿಡಿದು ನಿಂತಿದ್ದವಳು ಐದನೇ ಫಾರಂ ಓದುತ್ತಿದ್ದ ನಾನು.

ದಿನ, ವೇಳೆ, ಹಾಜರಿ ಬರೆದ ಮೇಲೆಯೇ ಮಾತು ಶುರುಮಾಡಬೇಕೆಂದು ಕಲಿಸಿದ್ದು ಆ ಶಾಲೆಯೇ. ನಾನಿದ್ದ ಬೋರ್ಡಿಂಗಿನಲ್ಲಿ ಬೆಳಿಗ್ಗೆ ಗಂಟೆ ಹೊಡೆದರೆ ಹಾಸಿಗೆ ಸುತ್ತಬೇಕು, ಮತ್ತೆ ಹೊಡೆದರೆ ಬಾವಿಯ ಬಳಿ ಸಾಲು ನಿಲ್ಲಬೇಕು. ಹಳ್ಳಿಯ ಮನೆಯಲ್ಲಿ ಹೊತ್ತು ನೋಡಿ ಎದ್ದು ಹೊತ್ತು ನೋಡಿ ಉಣ್ಣುತ್ತಿದ್ದ ನನಗೆ ಮೊದಲ ತಿಂಗಳು ಅಳು ಬರುತ್ತಿತ್ತು. ಆಮೇಲೆ ಆ ಗಂಟೆಯೇ ಇಷ್ಟವಾಯಿತು. ಮುಂದೇನು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಮ್ಮೂರು ಮಲ್ಲಿಪಟ್ಟಣದ ಕಡೆ. ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವ ಮಾತು ನಮ್ಮ ಕಡೆ ಆಗ ಇರಲಿಲ್ಲ. ಅಪ್ಪ ಜಮೀನುದಾರರು, ಅಕ್ಷರ ಅಷ್ಟಕ್ಕಷ್ಟೆ. ಮಗಳು ಓದಬೇಕೆಂದು ಅವರಿಗೆ ಏಕೆ ಅನ್ನಿಸಿತೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹರದನಹಳ್ಳಿಯಲ್ಲಿದ್ದ ದೊಡ್ಡಪ್ಪ ಮಾತ್ರ ಬಂದಾಗಲೆಲ್ಲ ರೇಗುತ್ತಿದ್ದರು. "ವಯಸ್ಸಿಗ್ ಬಂದ ಎಣ್ಣುಡ್ಗೀನ ಪರ್ದೇಸಿ ಎಂಗಸ್ರು ಕೈಗ್ ಕೊಟ್ಟಿದ್ದೀಯಲ್ಲ, ನಿಂಗೇನ್ ಬುದ್ಧಿ ಗಿದ್ಧಿ ಐತೇನ್ಲಾ? ನಾಳೆ ಯಾವನಾದ್ರೂ ಒಂದ್ ಮಾತ್ ಅಂದ್ರೆ?"

ಅಪ್ಪ ಒಪ್ಪಂದ ಮಾಡಿಕೊಂಡಿದ್ದರು. "ಒಂದ್ ಮಾತು ಬರ್ಲಿ ಅಣ್ಣಯ್ಯ. ಅವತ್ತೇ ಪೆಟ್ಗೆ ಕಟ್ಟಿಸ್ಕಂಡ್ ಕರ್ಕಬತ್ತೀನಿ. ಅಲ್ಲೀಗಂಟ ಓದ್ಲಿ."

ನನಗೆ ಇನ್ನು ಆರನೇ ಫಾರಂ ಒಂದು ಉಳಿದಿತ್ತು. ಅದು ಮುಗಿದರೆ ಎಸ್.ಎಸ್.ಎಲ್.ಸಿ. ಆ ಸಲ ತರಗತಿಗೆ ನಾನೇ ಮೊದಲು, ವೇದಿಕೆಯ ಮೇಲೆ ಬಹುಮಾನ ಎಂದು ತಿಳಿದಾಗ ಅಪ್ಪ ದೊಡ್ಡಪ್ಪನನ್ನು ಬೇಕೆಂದೇ ಗಾಡಿ ಹತ್ತಿಸಿಕೊಂಡು ಬಂದಿದ್ದರು. ಅಣ್ಣ ಕಣ್ಣಾರೆ ನೋಡಿ ಸುಮ್ಮನಾಗಲಿ ಎಂದು. ಹೊಸ ರುಮಾಲು ಸುತ್ತಿದ್ದರು. ಅದರ ಜರಿಯಂಚು ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು.

ಪೋಷಕರಿಗೆ ಹಾರ ಹಾಕುವ ಕೆಲಸ ಅಲ್ಲಿಯತನಕ ಪ್ರೈಮರಿಯ ಚಿಕ್ಕ ಮಕ್ಕಳದಾಗಿತ್ತು. ಹಿರಿಯರ ಕೊರಳಿಗೆ ಅವರ ಕೈ ಎಟುಕದೆ ಒಮ್ಮೆ ಹಾರವೇ ಹರಿದಿತ್ತು. ಹಡಗು ಹತ್ತಿ ದೂರದಿಂದ ಬಂದಿದ್ದ ಮದರ್ ಅಚ್ಚುಕಟ್ಟಿನ ಮನುಷ್ಯೆ. ಆ ವರ್ಷ ಪದ್ಧತಿ ಬದಲಿಸಿದರು. ಉಪಕಾರ ಪಡೆದವರೇ ಉಪಕಾರ ಸ್ಮರಿಸಬೇಕು ಎಂದರು. ಹಾಸನದ ಅಕ್ಕಿ ಗಿರಣಿಯವರಿಗೆ ಅಡುಗೆಮನೆಯ ಪಾಳಿಯ ಹುಡುಗಿ. ಹೊಸ ಕೋಣೆಗೆ ಹೊಳೆಯ ಮರಳು ಹೊಡೆಸಿಕೊಟ್ಟ ಹೊಳೆನರಸೀಪುರದವರಿಗೆ ಆ ಕೋಣೆಯ ಲೀಡರ್. ಬೋರ್ಡಿಂಗಿನ ಬಾವಿಗೆ ಕಟ್ಟೆ ಕಟ್ಟಿಸಿ ರಾಟೆ ಹಾಕಿಸಿದ ಚನ್ನರಾಯಪಟ್ಟಣದ ಕೊಬ್ಬರಿ ಸಾಹುಕಾರರಿಗೆ, ನೀರಿನ ಸಾಲು ನೋಡಿಕೊಳ್ಳುತ್ತಿದ್ದ ನಾನು. ಬೆಂಚುಗಳಿಗೆ ಮರ ಕೊಟ್ಟ ಅರಕಲಗೂಡಿನವರಿಗೆ ನಾಲ್ಕನೆಯವಳು. ನಾಲ್ವರೂ ನರೆಗೂದಲಿನ ಹಿರಿಯರು. ಯಾರ ಮನಸ್ಸಿಗೂ ಬೇರೇನೂ ಹೊಳೆಯಲಿಲ್ಲ.

ವಾರವೆಲ್ಲ ಅಭ್ಯಾಸ ನಡೆಯಿತು. ಖಾಲಿ ಕುರ್ಚಿಗಳ ಬೆನ್ನಿಗೆ ಹಗ್ಗದ ಹಾರ ಹಾಕಿ ಕಲಿತೆವು. ಮದರ್ ಕೈಗಂಟೆ ಒಮ್ಮೆ ಬಾರಿಸಿದರೆ ಹಾರ ಎತ್ತಬೇಕು. ಮತ್ತೆ ಬಾರಿಸಿದರೆ ಹಾಕಬೇಕು. ಮೂರನೆಯದಕ್ಕೆ ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿಯಬೇಕು. ಕುರ್ಚಿಗೆ ಹಾರ ಹಾಕುವುದರಲ್ಲಿ ನನ್ನಷ್ಟು ಚೊಕ್ಕ ಯಾರೂ ಇರಲಿಲ್ಲ.

ಪರದೆ ಎಳೆದರು. ಮದರ್ ವರದಿ ಓದಿದರು. ಪುಸ್ತಕದಿಂದ ಕಲಿತ ಅವರ ಕನ್ನಡ ಪುಸ್ತಕದ ಹಾಗೆಯೇ ಇತ್ತು. ನಮ್ಮ ಹುಡುಗಿಯರು ಪರೀಕ್ಷೆಯಲ್ಲಿ ಪಾಸಾದದ್ದು, ಟೆನಿಕಾಯ್ಟ್ ಆಟದಲ್ಲಿ ಕಪ್ಪು ತಂದದ್ದು, ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಉಣ್ಣೆಯ ಮಫ್ಲರು ಹೆಣೆದು ಕಳಿಸಿದ್ದು ಎಲ್ಲ ಬಂತು. "ಇವೆಲ್ಲವೂ ಈ ಮಹನೀಯರ ಔದಾರ್ಯದಿಂದ ಸಾಧ್ಯವಾದವು. ನಾವು ಅವರಿಗೆ ಕೃತಜ್ಞರಾಗಿರುವೆವು" ಎಂದು ಹೇಳಿ ಕೈಗಂಟೆ ಎತ್ತಿಕೊಂಡರು.

ನಾವು ನಾಲ್ವರೂ ಸಾಲಾಗಿ ಬಂದು ನಮ್ಮ ನಮ್ಮ ಕುರ್ಚಿಯ ಮುಂದೆ ನಿಂತೆವು. ಆಗ ನೋಡಿದೆ. ಮೂರನೆಯ ಕುರ್ಚಿಯಲ್ಲಿ ಸಾಹುಕಾರರಿರಲಿಲ್ಲ. ಮಂಡಿನೋವೆಂದು ಮಗನನ್ನು ಕಳಿಸಿದ್ದರು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ ಮಗ. ಕರಿ ಕೋಟು, ಹಣೆಯ ಮೇಲೆ ವಿಭೂತಿ, ಆಗತಾನೆ ಚಿಗುರಿದ ಮೀಸೆ. ಮದುವೆಯಾಗಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು.

ಮೊದಲ ಗಂಟೆ. ಹಾರ ಎತ್ತಿದೆ.

ಎರಡನೆಯ ಗಂಟೆ. ಉಳಿದ ಮೂವರೂ ಹಾಕಿದರು. ನನ್ನ ಕೈ ಮುಂದೆ ಹೋಗಲಿಲ್ಲ. ನಮ್ಮ ಕಡೆ ಹೆಣ್ಣು ಗಂಡಿನ ಕೊರಳಿಗೆ ಹೂವಿನ ಹಾರ ಹಾಕುವುದು ಜನ್ಮಕ್ಕೆ ಒಂದೇ ಸಲ, ಅದೂ ಹಸೆಮಣೆಯ ಮುಂದೆ. ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಮರ್ಯಾದಸ್ಥರ ಮಗ, ಥಟ್ಟನೆ ಎರಡೂ ಕೈ ಮುಂದೆ ಚಾಚಿದ. ಕೈಗೆ ಕೊಟ್ಟುಬಿಡು ಎನ್ನುವ ಹಾಗೆ. ನಾನೂ ಕೊಡುವುದರಲ್ಲಿದ್ದೆ.

ಮದರ್ ಅದನ್ನು ಸಂಕೋಚವೆಂದು ತಿಳಿದರು. ಎರಡನೆಯ ಗಂಟೆಯನ್ನೇ ಇನ್ನೊಮ್ಮೆ ಬಾರಿಸಿ, ಅಂಗಳದ ಕೊನೆಯ ತನಕ ಕೇಳುವಂತೆ ಹೇಳಿದರು: "ನಾಚಿಕೆ ಬೇಡ, ಮಹಾಶಯರೇ. ಶಿರವನ್ನು ಬಾಗಿಸಿರಿ. ಮಗು, ನೀನು ಹಾಕು."

ಅವನು ಬಾಗಿದ. ನಾನು ಹಾಕಿದೆ.

ವಾಲಗದವರಿಗೆ ಮೊದಲಿಗೊಮ್ಮೆ, ಕೊನೆಗೊಮ್ಮೆ ನುಡಿಸಿದರೆ ಸಾಕೆಂದು ಹೇಳಲಾಗಿತ್ತು. ಡೋಲಿನವನು ವರದಿ ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿದ್ದ. ಮದರ್ ಏರಿಸಿದ ದನಿಗೆ ಎಚ್ಚರವಾಗಿ ತಲೆ ಎತ್ತಿದ. ಎದುರಿಗೆ ಹುಡುಗ ಬಾಗಿದ್ದಾನೆ, ಹುಡುಗಿ ಹಾರ ಹಾಕುತ್ತಿದ್ದಾಳೆ. ಜೀವಮಾನವೆಲ್ಲ ಮದುವೆಗಳಲ್ಲಿ ದುಡಿದ ಕೈ. ಅದು ಅವನನ್ನು ಕೇಳಲಿಲ್ಲ. ಗಟ್ಟಿಮೇಳ ಹೊಡೆದೇ ಬಿಟ್ಟಿತು. ಡೋಲು ಎದ್ದ ಮೇಲೆ ನಾಗಸ್ವರದವನು ಸುಮ್ಮನಿರುವುದುಂಟೆ? ಅವನೂ ಊದಿದ.

ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಅಕ್ಷತೆಗೆಂದು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕಾಂಪೌಂಡಿನ ಕಡೆಯಿಂದ ಕೂಗು ಬಂತು.

"ಮದ್ವೆ ಆಗೋಯ್ತು ಕಣ್ಲಾ!"

"ಊಟ ಯಾವಾಗ್ಲಾ?"

"ಗಂಡಿನ್ ಕಡೆಯೋರು ಕೊಬ್ರಿ ತಂದವ್ರೆ, ತಡಿ ಒಸಿ!"

ನಗು ಗೋಡೆಯಿಂದ ಬೆಂಚಿಗೆ, ಬೆಂಚಿನಿಂದ ಜಮಖಾನಕ್ಕೆ ಹರಿಯಿತು. ನನ್ನ ಜೊತೆಯ ಹುಡುಗಿಯರೂ ಬಾಯಿಗೆ ಸೆರಗು ಒತ್ತಿಕೊಂಡರು. ಸಾಹುಕಾರರ ಮಗ ಗಾಬರಿಯಿಂದ ಹಾರ ತೆಗೆದು ಮೇಜಿನ ಮೇಲಿಟ್ಟ. ಒಳ್ಳೆಯದನ್ನೇ ಮಾಡಿದ. ಆದರೆ ಜನ ಅದಕ್ಕೂ ಬಿಡಲಿಲ್ಲ. "ಲೇ, ಎಣ್ಣು ಒಪ್ಪಲಿಲ್ಲ ಕಣ್ಲಾ, ತೆಗ್ದಾಕ್ಬುಟ್ಟ!"

ಮದರ್ ಮೂರನೆಯ ಗಂಟೆ ಬಾರಿಸಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದೆ. ಕಲಿತದ್ದನ್ನು ಮೈ ಮಾಡಿತು. ಕಿವಿಯೊಳಗೆ ಕಾದ ಎಣ್ಣೆ ಹುಯ್ದಂತಿತ್ತು. ಎರಡನೇ ಬೆಂಚಿನ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ದೊಡ್ಡಪ್ಪ ಅಪ್ಪನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ್ದರು. ನಾಲ್ಕು ಜನರ ಮುಂದೆ ಅಪ್ಪನ ಬರಿತಲೆಯನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಕಾರ್ಯಕ್ರಮದ ಪ್ರಕಾರ ಮುಂದಿನದು ಬಹುಮಾನ ವಿತರಣೆ, ಅದರಲ್ಲಿ ಮೊದಲ ಹೆಸರೇ ನನ್ನದು. ಇಡೀ ವರ್ಷ ದೀಪದ ಮುಂದೆ ಕೂತು ಗಳಿಸಿದ್ದು. ಅಪ್ಪ ಗಾಡಿ ಕಟ್ಟಿಸಿಕೊಂಡು ಬಂದದ್ದು ಆ ಒಂದು ಗಳಿಗೆಗೆ. ನಾನು ಮತ್ತೆ ಮೆಟ್ಟಿಲು ಹತ್ತಿ, ಬಣ್ಣದ ಕಾಗದ ಸುತ್ತಿದ ಪುಸ್ತಕಕ್ಕೆ ಕೈ ಒಡ್ಡಿದಾಗ, ಮದುವೆಮನೆಯಲ್ಲಿ ಉಡುಗೊರೆ ಓದುವವರ ರಾಗದಲ್ಲಿಯೇ ಯಾರೋ ಕೂಗಿದರು: "ಮುಯ್ಯಿ ಬಂತು, ಬರ್ಕಳ್ರಪ್ಪಾ!"

ತರಗತಿಗೆ ಮೊದಲು ಬಂದದ್ದು ಆ ದಿನ ಮದುವೆಯ ಮುಯ್ಯಿಯಾಯಿತು. ಆ ಪುಸ್ತಕವನ್ನು ನಾನು ಯಾವತ್ತೂ ಪೂರ್ತಿ ಓದಲಿಲ್ಲ.

ಸಭೆ ಮುಗಿದು ಜನ ಚದುರಿದಾಗ ಅಪ್ಪ ಮತ್ತು ದೊಡ್ಡಪ್ಪ ಆಫೀಸು ಕೋಣೆಯ ಜಗುಲಿಯ ಮೇಲೆ ನಿಂತಿದ್ದರು. ನಾನು ಕಂಬದ ಮಗ್ಗುಲಿಗೆ ಹೋಗಿ ನಿಂತೆ.

"ಒಂದ್ ಮಾತ್ ಬಂದ್ರೆ ಅಂದಿದ್ದೆ. ಊರ್ಗೂರೇ ಅಂತು. ಇನ್ನೇನ್ ಬೇಕ್ಲಾ?" ದೊಡ್ಡಪ್ಪ ಕೇಳಿದರು. "ಪೆಟ್ಗೆ ತರ್ಸು. ಒತ್ತು ಮುಳುಗಾದ್ರೊಳ್ಗೆ ಓಗನ."

ಅಷ್ಟರಲ್ಲಿ ಬಂದದ್ದು ಸಾಹುಕಾರರ ಮಗ. ಅಪ್ಪನ ಮುಂದೆ ಬಂದು ಕೈ ಮುಗಿದ. "ಗೌಡ್ರೇ, ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ಹಾರ ನಮ್ಮಪ್ಪಾಜಿಗೆ ಹಾಕಿದ್ದು. ಕುತ್ತಿಗೆ ಮಾತ್ರ ನಂದು."

ಬೇರೆ ದಿನವಾಗಿದ್ದರೆ ಅಪ್ಪ ನಗುತ್ತಿದ್ದರು. "ನಿಮ್ ತಪ್ಪೇನೈತೆ ಸ್ವಾಮಿ, ಓಗ್ಬನ್ನಿ" ಎಂದಷ್ಟೇ ಹೇಳಿದರು. ಹುಡುಗ ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಅವನ ಕಿವಿಯೂ ಕೆಂಪಗಿತ್ತು.

ಆಮೇಲೆ ಮದರ್ ಬಂದರು. ಅವರ ಮುಖ ಬೆಳಗುತ್ತಿತ್ತು. ಅವರಿಗೆ ಏನೂ ತಿಳಿದಿರಲಿಲ್ಲ.

"ಈ ವರ್ಷ ಜನರು ಬಹಳ ಸಂತೋಷಪಟ್ಟರು. ವಾದ್ಯದವರು ತಾವಾಗಿಯೇ ಮಂಗಳವಾದ್ಯ ನುಡಿಸಿದರು. ಎಷ್ಟು ಒಳ್ಳೆಯವರು! ನಿಮ್ಮ ಮಗಳು ಅತ್ಯಂತ ಶಿಸ್ತಿನಿಂದ ಹಾರ ಹಾಕಿದಳು. ಮುಂದಿನ ವರ್ಷವೂ ಇವಳೇ ಹಾಕಲಿ."

ದೊಡ್ಡಪ್ಪ ಕೆಮ್ಮಿದರು. ನೆಲ ಬಾಯಿಬಿಟ್ಟಿದ್ದರೆ ನಾನು ಇಳಿದುಹೋಗುತ್ತಿದ್ದೆ. ಅಪ್ಪ ಈಗ ಹೇಳಿಬಿಡುತ್ತಾರೆ, ಹೇಳಿದರೆ ಮದರ್ ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ನನ್ನ ಪೆಟ್ಟಿಗೆ ಬರುತ್ತದೆ ಎಂದು ಕಾದೆ. ಅಪ್ಪ ಕೈಯಲ್ಲಿದ್ದ ರುಮಾಲನ್ನು ಬಿಡಿಸಿದರು. ನಿಧಾನವಾಗಿ ಮತ್ತೆ ತಲೆಗೆ ಸುತ್ತಿಕೊಂಡರು. ಸುತ್ತಿ ಮುಗಿದ ಮೇಲೆ ಮಾತಾಡಿದರು.

"ಮುಂದಿನ್ ವರ್ಸ ಇವ್ಳು ಆರ್ನೇ ಫಾರಂ ಅಲ್ವಾ ತಾಯಿ? ಓದಾದು ಜಾಸ್ತಿ ಇರ್ತದೆ. ಆರ ಬ್ಯಾರೆಯೋರು ಆಕ್ಲಿ. ಚಿಕ್ ಮಕ್ಳು ಆಕುದ್ರೇ ಚೆಂದ."

"ಹಾಗೆಯೇ ಆಗಲಿ" ಎಂದರು ಮದರ್.

ದೊಡ್ಡಪ್ಪ ಬಾಯಿ ತೆರೆದರು. ಅಪ್ಪ ಅವರ ಕಡೆ ನೋಡದೆ ಹೇಳಿದರು, "ಗಾಡಿ ಕಟ್ಟುಸ್ ಓಗಣ್ಣಯ್ಯ."

ಇಬ್ಬರೇ ಉಳಿದಾಗ ಅಪ್ಪ ನನ್ನ ಮುಖ ನೋಡಲಿಲ್ಲ. ಅಂಗಳದಲ್ಲಿ ವಾಲಗದವರು ಡೋಲಿಗೆ ಗವಸು ಹಾಕುತ್ತಿದ್ದುದನ್ನು ನೋಡುತ್ತಾ ಹೇಳಿದರು: "ಓದ್ಕ. ನಾ ಇನ್ನು ಇಲ್ಲೀಗ್ ಬರಾಕಿಲ್ಲ ಕಣವ್ವ."

ಅವರು ಬರಲಿಲ್ಲ. ಮುಂದಿನ ವರ್ಷ ನಾನು ಮತ್ತೆ ಮೊದಲಿಗಳಾದಾಗ ಎರಡನೇ ಬೆಂಚಿನಲ್ಲಿ ಬೇರೆಯವರು ಕೂತಿದ್ದರು. ರಜಕ್ಕೆ ಕರೆದೊಯ್ಯಲು ಆಳು ಬರುತ್ತಿದ್ದ. ಊರಲ್ಲಿ ಸಂತೆಗೆ ಹೋದರೆ "ಏನ್ ಗೌಡ್ರೇ, ಅಳಿಯಂದ್ರು ಕೊಬ್ರಿ ಕಳ್ಸಿದ್ರಾ?" ಎಂದು ಕೇಳುವವರು ಬಹಳ ಕಾಲ ಇದ್ದರಂತೆ. ಅವ್ವ ಆಮೇಲೆ ಹೇಳಿದ್ದು. ಅಪ್ಪ ಆ ಸಿಟ್ಟನ್ನು ಮನೆಗೆ ಬಂದು ನನ್ನ ಮೇಲೆ ಹಾಕುತ್ತಿರಲಿಲ್ಲ. ನಾನು ಎಸ್.ಎಸ್.ಎಲ್.ಸಿ. ಮುಗಿಸಿದೆ, ನಾನೂ ಟೀಚರಾದೆ, ಎಷ್ಟೋ ವಾರ್ಷಿಕೋತ್ಸವ ನಡೆಸಿದೆ. ಪೋಷಕರಿಗೆ ಹಾರ ಹಾಕುವ ಹೊತ್ತಿಗೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಕೇಳಿದವರು ನಗುತ್ತಾರೆ, ಇದರಲ್ಲಿ ನಿಮ್ಮ ತಪ್ಪೇನಿದೆ ಎನ್ನುತ್ತಾರೆ. ತಪ್ಪಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು. ನಾನು ಓದಿದ ಒಂದೊಂದು ದಿನಕ್ಕೂ ಅಪ್ಪ ಅಲ್ಲಿ ಒಂದೊಂದು ಮಾತು ಕೇಳಿಸಿಕೊಂಡರಲ್ಲ, ಅದಕ್ಕೆ ಯಾರನ್ನು ಏನೆಂದು ಕೇಳುವುದು?

ಆ ಸಂಜೆ ಗಾಡಿಯ ಸದ್ದು ಗೇಟು ದಾಟಿದ ಮೇಲೆ ಗಂಟೆ ಹೊಡೆಯಿತು. ನನ್ನ ಪಾಳಿಯ ಕೆಲಸ ಬಾಕಿ ಇತ್ತು. ಯುದ್ಧದ ಕಾಲ, ನೂಲು ಸಿಗುವುದು ಕಷ್ಟ. ಹೊಲಿಗೆ ಕಲಿಸುವ ಸಿಸ್ಟರ್ ಹಾರ ಬಿಚ್ಚಿ ದಾರ ಉಳಿಸಲು ಹೇಳಿದ್ದರು. ಜಗುಲಿಯ ಮೇಲೆ ಕೂತು ಒಂದೊಂದೇ ಹಾರ ತೆಗೆದುಕೊಂಡೆ. ಮೊದಲನೆಯದು, ಎರಡನೆಯದು, ನಾಲ್ಕನೆಯದು. ಮೂರನೆಯದನ್ನು ಕೊನೆಗೆ ಇಟ್ಟುಕೊಂಡೆ. ಚೆಂಡುಹೂವುಗಳನ್ನು ಜಾರಿಸಿ ಬುಟ್ಟಿಗೆ ಹಾಕಿದೆ. ಒದ್ದೆ ದಾರವನ್ನು ಸೆರಗಿನಿಂದ ಒರೆಸಿ, ಗಂಟು ಬಿಡಿಸಿ, ರಟ್ಟಿನ ಚೂರಿಗೆ ಸುತ್ತಿ, ತುದಿಯನ್ನು ಸೀಳಿಗೆ ಸಿಕ್ಕಿಸಿ, ಸಿಸ್ಟರ್ ಅವರ ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಳ ಹಾಕಿದೆ.