ಸ್ಟಿಯರಿಂಗಿಗೂ ಉಡಿ ತುಂಬಿದರು

ಇತ್ತೀಚೆಗೆ ನನಗೊಂದು ಹೊಸ ಚಟ ಅಂಟಿಕೊಂಡಿದೆ. ರಸ್ತೆಯಲ್ಲಿ ಯಾರಾದರೂ ಕಾರು ತಿರುಗಿಸಿದರೆ ಸಾಕು, ನನ್ನ ಕಿವಿ ನನ್ನನ್ನು ಬಿಟ್ಟು ಅದರ ಹಿಂದೆ ಹೊರಟುಬಿಡುತ್ತದೆ. ಮೊನ್ನೆ ತರಕಾರಿ ಗಾಡಿಯ ಮುಂದೆ ಕೊತ್ತಂಬರಿ ಆರಿಸುತ್ತ ನಿಂತಿದ್ದೆ. ಎದುರಿನ ಓಣಿಯಿಂದ ಒಂದು ಹಳೆಯ ಕಾರು ಹೊರಳಿತು, ಹೊರಳುವಾಗ 'ಊಂ…' ಎಂದು ನರಳಿತು. "ಎಣ್ಣಿ ಕಡಿಮಿ ಆಗ್ಯದ!" ಎಂದು ಜೋರಾಗಿಯೇ ಅಂದುಬಿಟ್ಟೆ. ತರಕಾರಿಯವಳು ನನ್ನ ಮುಖ ನೋಡಿ, "ಎಣ್ಣಿ ನಮ್ಮತ್ರ ಎಲ್ಲಿದ್ರಿ ಬಾಯಿ, ಕಿರಾಣಿ ಅಂಗಡ್ಯಾಗ ಕೇಳ್ರಿ" ಅಂದಳು.

ಅವಳಿಗೆ ಹೇಗೆ ಹೇಳಲಿ? ನಾನು ಹೇಳಿದ್ದು ಸ್ಟಿಯರಿಂಗ್ ಪಂಪಿನ ಎಣ್ಣೆ. ಅದರ ವಿಷಯ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಆದ್ದರಿಂದ ನಿಮಗೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಬಿಳಿ ಕಾರಿದೆ. ಬಿಳಿ ಎನ್ನುವುದು ಅಭಿಮಾನದ ಮಾತು. ಬೀದರಿನ ಕೆಂಪು ಧೂಳು ಅದಕ್ಕೆ ಬೇರೆಯೇ ಬಣ್ಣ ಕೊಟ್ಟಿದೆ. ಅದಕ್ಕೂ ಮೊದಲು ಇದ್ದ ಗಾಡಿಯ ಸ್ಟಿಯರಿಂಗ್ ತಿರುಗಿಸುವುದೆಂದರೆ ಬೀಸುವ ಕಲ್ಲು ತಿರುಗಿಸಿದ ಹಾಗೆ. ಎರಡು ದಿನ ಕಲಿಯಲು ಹೋಗಿ ಮೂರನೆಯ ದಿನ ಚಪಾತಿ ಲಟ್ಟಿಸಲಾಗದೆ ಕೂತಿದ್ದೆ. ಈ ಬಿಳಿ ಕಾರು ಬಂದ ಮೇಲೆಯೇ ನಾನು ಡ್ರೈವರ್ ಆದದ್ದು. ಒಳಗಿನ ಪಂಪು ಎಣ್ಣೆಯನ್ನು ಒತ್ತಿ ಕಳಿಸುತ್ತದೆ, ಆ ಎಣ್ಣೆಯೇ ಚಕ್ರವನ್ನು ಹೊರಳಿಸುತ್ತದೆ, ನಾನು ಬರೀ ಬೆರಳಿನಿಂದ ಇಷ್ಟ ತಿಳಿಸಿದರೆ ಆಯಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಇಷ್ಟಕ್ಕೆ ಅಷ್ಟು ಬೇಗ ಹೊರಳಿದ್ದು ಮನೆಯಲ್ಲಿ ಅದೊಂದೇ.

ಬೀದರಿನಿಂದ ಭಾಲ್ಕಿಗೆ ರೈಲಾದರೂ ಇದೆ. ಔರಾದಕ್ಕೆ ಬಸ್ಸೇ ಗತಿ. ಅಲ್ಲಿ ನನ್ನ ಮೈದುನ ಶಿವರಾಜನ ಮನೆ, ಹೊಲ, ಮತ್ತು ನನ್ನ ಜೀವದ ಗೆಳತಿಯೂ ಆಗಿರುವ ಅವನ ಹೆಂಡತಿ ಮಹಾದೇವಿ. ಬಸ್ಸಿಗೆ ಕಾಯದೆ, ಮನೆಯವರ ಬಿಡುವಿಗೂ ಕಾಯದೆ, ಮನಸ್ಸು ಬಂದಾಗ ಅಲ್ಲಿಗೆ ಹೋಗಿಬರುವ ಸುಖ ನನಗೆ ಆ ಕಾರಿನಿಂದಲೇ ಬಂದದ್ದು.

ಅಂಥ ಕಾರು ಒಂದು ದಿನ ನರಳಲು ಶುರುಮಾಡಿತು. ಮುಂಜಾನೆಯ ಚಳಿಯಲ್ಲಿ ಗೇಟಿನಿಂದ ಹೊರಗೆ ತೆಗೆಯುವಾಗ ಜಾಸ್ತಿ, ಸ್ಟಿಯರಿಂಗ್ ಪೂರ್ತಿ ಹೊರಳಿಸಿದರೆ ಇನ್ನೂ ಜಾಸ್ತಿ.

ನಮ್ಮ ಮನೆಯವರು ಚಹಾದ ಕಪ್ಪು ಕೆಳಗಿಡದೆಯೇ ತೀರ್ಪು ಕೊಟ್ಟರು. "ಗಾಡಿ ಅಳಲತ್ತದ. ಅದರ ಕಾಲ ಮುಗೀತು. ಭಾಲ್ಕಿದವ್ರೊಬ್ಬರು ಕೇಳ್ಯಾರ, ಐತವಾರ ನೋಡ್ಲಿಕ್ಕಿ ಬರ್ತಾರ."

"ಮತ್ತ ನಾ ಔರಾದಕ್ಕ ಹ್ಯಾಂಗ ಹೋಗ್ಲಿ?"

"ಹೊಸಾದು ತಗೊಳ್ಳೋಣಲ್ಲ. ನಾನೇ ಕರ್ಕೊಂಡ್ ಹೋಗ್ತೇನಿ."

ಹೊಸ ಗಾಡಿಯ ಬೀಗದಕೈ ಯಾರ ಜೇಬಿನಲ್ಲಿ ಇರುತ್ತದೆ ಎಂಬುದು ಆ 'ನಾನೇ' ಎನ್ನುವುದರಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಭಾನುವಾರದೊಳಗೆ ಆ ನರಳಾಟ ನಿಲ್ಲಬೇಕು, ಇಲ್ಲವೆ ನಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು.

ಕಾನ್ವೆಂಟಿನಲ್ಲಿ ನಮಗೆ ಹಾಡು ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಎಲ್ಲರೂ ಸೇರಿ ಹಾಡುವಾಗ ಎಲ್ಲೋ ಅಪಶ್ರುತಿ ಬಂದರೆ ಅವರು ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿ ಸಾಲುಗಳ ನಡುವೆ ಮೆಲ್ಲಗೆ ನಡೆಯುತ್ತ ಬಂದು ತಪ್ಪಿದವಳ ಮುಂದೆ ನಿಂತುಬಿಡುತ್ತಿದ್ದರು. ಬಹಳ ಸಲ ಅವರು ನಿಂತದ್ದು ನನ್ನ ಮುಂದೆಯೇ. ಆ ವಿದ್ಯೆಯನ್ನೇ ಈಗ ಬಾನೆಟ್ ಎತ್ತಿ ಪ್ರಯೋಗಿಸಿದೆ. ಮೊದಲು ಸಂಶಯ ಬಂದದ್ದು ಬೆಲ್ಟಿನ ಮೇಲೆ. ಪಂಪನ್ನು ತಿರುಗಿಸುವ ಬೆಲ್ಟು ಸಡಿಲಾದರೂ ಸದ್ದಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಸೆರಗು ಬಿಗಿಯಾಗಿ ಸಿಕ್ಕಿಸಿ, ದೂರ ನಿಂತು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಅದರ ಮೇಲೆ ಹನಿಸಿದೆ. ಸದ್ದು ಬೆಲ್ಟಿನದಾಗಿದ್ದರೆ ಒಂದು ಕ್ಷಣವಾದರೂ ಬದಲಾಗಬೇಕಿತ್ತು. ಬದಲಾಗಲಿಲ್ಲ. ಬೆಲ್ಟಿನದು 'ಕೀಚ್' ಎಂಬ ಕಿರುಚಾಟವಂತೆ, ಇದು ಹೊಟ್ಟೆಯೊಳಗಿನ ನರಳಾಟ.

ಗ್ಯಾರೇಜಿನ ಖಾಲಿದ್ ಭಾಯಿ ಒಂದು ಸಲ ಸ್ಟಿಯರಿಂಗ್ ಹೊರಳಿಸಿ ಕೇಳಿ, "ಪಂಪ್ ಖತಂ ಮೇಡಂ, ಹೊಸಾದ್ ಹಾಕ್ಬೇಕು" ಅಂದರು. ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದೆ.

ಆ ಮಧ್ಯಾಹ್ನ ನಲ್ಲಿ ಬಂದಿರಲಿಲ್ಲ. ಸಂಪಿನಲ್ಲಿ ನೀರು ತಳ ಕಂಡಿತ್ತು. ಮೇಲಿನ ಟಾಕಿಗೆ ಏರಿಸಲು ಮೋಟಾರು ಹಾಕಿದೆನೋ ಇಲ್ಲವೋ, ಅದು 'ಊಂ…' ಎಂದಿತು! ಅದೇ ಸದ್ದು, ಅದೇ ಸ್ವರ! ನಾನು ಅಂಗಳದಲ್ಲಿ ಬಕೆಟ್ಟು ಹಿಡಿದು ನಿಂತಲ್ಲೇ ಕುಣಿದುಬಿಟ್ಟೆ. ಮೋಟಾರು ಕೆಟ್ಟಿಲ್ಲ, ನೀರಿನ ಜತೆ ಗಾಳಿ ನುಂಗುತ್ತಿದೆ, ಅದಕ್ಕೇ ನರಳುತ್ತದೆ ಎಂಬುದು ಯಾವ ಗೃಹಿಣಿಗೆ ಗೊತ್ತಿಲ್ಲ? ಪಂಪಿಗೆ ಗಾಳಿ ಸೇರದ ನೀರೇ ಬೇಕು. ಪಂಪಿಲ್ಲದ ಕಾಲದಲ್ಲಿ ನಮ್ಮೂರಿನವರು ನೆಲದಡಿಯಲ್ಲಿ ಸುರಂಗ ಕೊರೆದು ಬರೀ ಇಳಿಜಾರಿನ ಬಲದಿಂದ ನೀರು ಹರಿಸಿದ್ದರು, ನಡುನಡುವೆ ಬಾವಿಯ ಹಾಗೆ ಕಿಂಡಿಗಳನ್ನೂ ಬಿಟ್ಟು. ಆ ನೀರು ಗಾಳಿ ಕಂಡರೂ ನರಳದೆ ಹರಿಯಿತು. ಪಂಪಿನ ಹೊಟ್ಟೆ ಮಾತ್ರ ನಾಜೂಕು, ಒಂದು ಗುಳ್ಳೆಯನ್ನೂ ತಡೆಯದು.

ಬಕೆಟ್ಟನ್ನು ಅಲ್ಲೇ ಬಿಟ್ಟು ಕಾರಿನತ್ತ ಓಡಿದೆ. ಸ್ಟಿಯರಿಂಗ್ ಎಣ್ಣೆಯ ಚಿಕ್ಕ ಡಬ್ಬಿಯ ಮುಚ್ಚಳ ತೆಗೆದರೆ, ಎಣ್ಣೆ ಕಡಿಮೆ ಇರುವುದಿರಲಿ, ಕಂಠದವರೆಗೆ ತುಂಬಿದೆ! ಮೇಲೆ ಕಡೆದ ಮಜ್ಜಿಗೆಯಂಥ ನೊರೆ. ಕೆಳಗೆ ಕಾಕಂಬಿಯಂಥ ದಪ್ಪ ಎಣ್ಣೆ. ಡಬ್ಬಿಗೆ ಕೆಳಗೊಂದು ಗೆರೆ, ಮೇಲೊಂದು ಗೆರೆ. ಎಣ್ಣೆ ಅವೆರಡರ ನಡುವೆ ಇರಬೇಕು. ಇದು ಮೇಲಿನ ಗೆರೆಯನ್ನು ಮುಳುಗಿಸಿ ಕೂತಿತ್ತು. ನಾನು ಹಾಕಿಲ್ಲ, ಮನೆಯವರು ಬಾನೆಟ್ ಎತ್ತಿದವರಲ್ಲ. ಹಾಗಾದರೆ ಯಾರು?

ನರಳಾಟ ಶುರುವಾದದ್ದು ಯಾವಾಗ ಎಂದು ಯೋಚಿಸಿದೆ. ಔರಾದದಿಂದ ಬಂದ ಮರುದಿನ! ಶಿವರಾಜನಿಗೆ ಫೋನು ಹಚ್ಚಿದೆ.

"ಹೌದ್ರಿ ವೈನಿ, ನಾನೇ ಹಾಕೀನಿ" ಅಂದ, ಬಹಳ ಸಂತೋಷದಿಂದ. "ನೀವು ಒಳಗ ಉಡಿ ತುಂಬಿಸ್ಕೊಳ್ಲತ್ತಿದ್ರಿ. ನಾ ಸುಮ್ನ ಬಾನೆಟ್ ಎತ್ತಿ ನೋಡ್ದೆ, ಡಬ್ಬಿ ತಳಕ್ಕ ಹೋಗಿತ್ತು. ನಮ್ಮ ಟ್ರ್ಯಾಕ್ಟರಿಂದು ಎಣ್ಣಿ ಇತ್ತಲ್ಲ, ಬಾಯಿತನಕ ತುಂಬಿಬಿಟ್ಟೆ."

"ಬಾಯಿತನಕ ಯಾಕಪ್ಪ? ಗೆರಿ ಇಲ್ಲೇನು?"

"ಮನಿಗಿ ಬಂದೋರ್ದು ಅಳದು ಹಾಕ್ತಾರೇನ್ರಿ ವೈನಿ? ಖಾಲಿ ಹ್ಯಾಂಗ ಕಳಿಸ್ಲಿ?"

ನಾನು ಫೋನು ಹಿಡಿದು ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗೆ ಮಹಾದೇವಿ ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಕುಪ್ಪಸದ ಖಣ ತುಂಬುತ್ತಿದ್ದಾಗ, ಹೊರಗೆ ಅವಳ ಗಂಡ ನನ್ನ ಕಾರಿಗೂ ಉಡಿ ತುಂಬುತ್ತಿದ್ದ! ಮನೆಯ ಹೆಣ್ಣುಮಗಳನ್ನು ಬರಿಸೆರಗಿನಲ್ಲಿ ಕಳಿಸದ ಮನೆತನ, ಅವಳ ಗಾಡಿಯನ್ನು ಬರಿಹೊಟ್ಟೆಯಲ್ಲಿ ಕಳಿಸೀತೆ?

ಮರುದಿನ ಖಾಲಿದ್ ಭಾಯಿಗೆ ಎಲ್ಲ ಹೇಳಿದೆ. ನೊರೆ ನೋಡಿ ಅವರೂ ನಕ್ಕರು. "ಪಂಪ್ ಖತಂ ಅಂತ ನಾ ಜಲ್ದಿ ಮಾಡ್ದೆ. ಆದ್ರ ಮೇಡಂ, ಮೊದ್ಲು ಎಣ್ಣಿ ತಳಕ್ಕ ಯಾಕ ಹೋಯ್ತು?"

ಅದು ನನಗೆ ಹೊಳೆದಿರಲಿಲ್ಲ. ಇಬ್ಬರೂ ಹುಡುಕಿದೆವು. ಪಂಪಿಗೆ ಎಣ್ಣೆ ತರುವ ರಬ್ಬರ್ ಕೊಳವೆಯನ್ನು ಬಿಗಿಹಿಡಿಯುವ ಪಟ್ಟಿ ಸಡಿಲಾಗಿತ್ತು. ಅಲ್ಲಿಂದ ಎಣ್ಣೆ ಹನಿಹನಿಯಾಗಿ ಹೊರಗೆ, ಗಾಳಿ ಗುಳ್ಳೆಗುಳ್ಳೆಯಾಗಿ ಒಳಗೆ. ಅದರ ಮೇಲೆ ಟ್ರ್ಯಾಕ್ಟರಿನ ದಪ್ಪ ಎಣ್ಣೆ. ನಮ್ಮ ಬೀದರಿನ ಚಳಿಗೆ ಅದು ಇನ್ನೂ ದಪ್ಪವಾಗಿ, ಪಂಪು ಬೆಳಿಗ್ಗೆ ಬೆಳಿಗ್ಗೆ ಎಳೆಯಲಾಗದೆ ಎಳೆಯುತ್ತಿತ್ತು.

ಎಣ್ಣೆಯ ಆಯ್ಕೆ ಎಂದರೆ ಅಡುಗೆಮನೆಯ ವಿಷಯವೇ. ಕುಸುಬಿ ಎಣ್ಣೆಯ ಜಾಗದಲ್ಲಿ ತುಪ್ಪ ಎಷ್ಟೇ ಶ್ರೇಷ್ಠವಾದರೂ ಬರುವುದಿಲ್ಲ. ಟ್ರ್ಯಾಕ್ಟರಿಗೆ ಅಮೃತವಾದದ್ದು ಕಾರಿಗೆ ಅಜೀರ್ಣ. ಬ್ರೇಕಿನ ಎಣ್ಣೆಯನ್ನಂತೂ ಇದಕ್ಕೆ ತಪ್ಪಿಯೂ ಹಾಕಬಾರದಂತೆ, ಒಳಗಿನ ರಬ್ಬರೆಲ್ಲ ಹಾಳಾಗುತ್ತದೆ. ಹಾಗಾದರೆ ಯಾವುದು? ನಾನು ಕರವಸ್ತ್ರದಿಂದ ಡಬ್ಬಿಯ ಮುಚ್ಚಳ ಒರೆಸಿದೆ. ಧೂಳಿನಡಿಯಿಂದ ಉಬ್ಬಿದ ಅಕ್ಷರಗಳು ಎದ್ದು ಬಂದವು: ಎಟಿಎಫ್. ಆಟೊಮ್ಯಾಟಿಕ್ ಗೇರಿನ ಗಾಡಿಗಳಿಗೆ ಹಾಕುವ ಎಣ್ಣೆ. ನಮ್ಮ ಕಾರಿನಲ್ಲಿ ಆ ಗೇರಿಲ್ಲ, ಆದರೂ ಸ್ಟಿಯರಿಂಗಿಗೆ ಅದೇ ಬೇಕು! ಬೇರೆ ಗಾಡಿಗಳಿಗೆ ಬೇರೆ ಎಣ್ಣೆ. ಅಂಗಡಿಯವರ ಬಾಯಿಗಿಂತ ಮುಚ್ಚಳದ ಮಾತು ಖಚಿತ.

ಹಳೆಯದನ್ನು ಪೂರ್ತಿ ಬಸಿದು, ಪಟ್ಟಿ ಬಿಗಿದು, ಹೊಸ ಎಣ್ಣೆ ಸುರಿದರು. ಗುಲಾಬಿ ಶರಬತ್ತಿನಂಥ ಕೆಂಪು! ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಹೊರಳಿಸುವ ಕೆಲಸ ನನಗೆ ಬಂತು. ಒಂದೊಂದು ಹೊರಳಿಗೂ ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು, ಎಣ್ಣೆ ಇಳಿಯುತ್ತಿತ್ತು, ಖಾಲಿದ್ ಭಾಯಿ ಗೆರೆ ನೋಡಿ ಮತ್ತೆ ಹಾಕುತ್ತಿದ್ದರು. ಆಮೇಲೆ ಎಂಜಿನ್ ಚಾಲೂ ಮಾಡಿ ಹೊರಳಿಸಿದೆ, ಗುಳ್ಳೆ ಕಡಿಮೆಯಾದ ಹಾಗೆ ನರಳಾಟ ಗುನುಗಾಯಿತು. ಕೊನೆಗೆ ಗುನುಗೂ ನಿಂತಿತು. ಸಿಸ್ಟರ್ ಇದ್ದಿದ್ದರೆ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು.

ಆದರೆ ಸಂಭ್ರಮದಲ್ಲಿ ನಾನೊಂದು ಮರೆತಿದ್ದೆ. ಸದ್ದಿಲ್ಲದ ಗಾಡಿಯನ್ನು ಯಾರು ಬೇಡ ಅಂತಾರೆ? ಐತವಾರ ಬಂದ ಭಾಲ್ಕಿಯ ಗಿರಾಕಿ ಸ್ಟಿಯರಿಂಗನ್ನು ಎಡಕ್ಕೆ, ಬಲಕ್ಕೆ ಹೊರಳಿಸಿ, "ಮಸ್ತ್ ಅದರಿ! ಬೆಣ್ಣಿ ಇದ್ದಂಗದ. ಇವತ್ತೇ ಒಯ್ತೀನಿ" ಅಂದುಬಿಟ್ಟರು. ನಮ್ಮ ಮನೆಯವರ ಕೈ ಬೀಗದಕೈಯತ್ತ ಹೋಯಿತು. ನನ್ನ ಕೈಯಾರೆ ಸಿಂಗರಿಸಿ ನಾನೇ ಕಳಿಸಿಕೊಡುವ ಹಾಗಾಯಿತಲ್ಲ!

"ಇದು ಕೊಡೂದಲ್ರಿ" ಅಂದೆ. ನನ್ನ ದನಿ ನನಗೇ ಹೊಸತೆನಿಸಿತು. "ಇದು ನಾ ನಡಸೋ ಗಾಡಿ. ಅಳ್ಲತ್ತಿತ್ತಂತ ಮಾರ್ಲಿಕ್ಕಿ ತೆಗದಿದ್ರು. ಈಗ ಅಳೂದಿಲ್ಲ. ಚಾ ಕುಡ್ದು ಹೋಗ್ರಿ."

ಗಿರಾಕಿ ಮನೆಯವರ ಮುಖ ನೋಡಿದರು. ಮನೆಯವರು ನನ್ನ ಮುಖ ನೋಡಿದರು, ಕಾರಿನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ನಾ ಏನ್ ಹೇಳ್ಲಿರಿ? ಗಾಡಿ ಆವಾಜ ಬಂದ್ ಆಯ್ತು, ನಮ್ಮಾಕೀದು ಚಾಲೂ ಆಯ್ತು" ಅಂದು ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟರು.

ಮುಂದಿನ ವಾರ ಔರಾದಕ್ಕೆ ಹೋದಾಗ ಇನ್ನು ಹಾಕುವುದಿದ್ದರೆ ಇದನ್ನೇ ಹಾಕಲಿ ಎಂದು ಶಿವರಾಜನಿಗೆ ಒಂದು ಬಾಟಲಿ ಕೆಂಪು ಎಣ್ಣೆ ಒಯ್ದಿದ್ದೆ. ಅವನು ಬಾನೆಟ್ ಎತ್ತಿ ಡಬ್ಬಿಯೊಳಗೆ ಬಹಳ ಹೊತ್ತು ಇಣುಕಿದ. "ಇನ್ನೂ ಜಾಗಾ ಅದಲ್ರಿ ವೈನಿ."

"ಅದು ಬಿಸಿ ಆದಾಗ ಉಬ್ಬಲಿಕ್ಕಿ ಬಿಟ್ಟಿದ್ದು. ಅದನ್ನ ಹಂಗೇ ಬಿಡಪ್ಪ."

ಬಿಟ್ಟ. ಆದರೆ ಮುಖ ಬಾಡಿತು. ನಾನು ಒಳಗೆ ಉಡಿ ತುಂಬಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವನ ಮುಖ ಅರಳಿತ್ತು. ಯಾಕೆಂದು ಹೊರಡುವಾಗ ಡಿಕ್ಕಿ ತೆರೆದರೆ ತಿಳಿಯಿತು. ಡಿಕ್ಕಿಯಲ್ಲಿ ಜೋಳದ ಚೀಲ, ತೊಗರಿಯ ಚೀಲ, ಸಂದಿಯಲ್ಲೆಲ್ಲ ಹಸಿ ಕಡಲೆ. ಸ್ಟಿಯರಿಂಗ್ ರೇಷ್ಮೆಯ ಹಾಗೆ ಹೊರಳಿತು. ಊರ ಹೊರಗಿನ ಮೊದಲ ಉಬ್ಬಿಗೆ ಹಿಂದಿನಿಂದ 'ಕಿರ್ರ್' ಎಂದಿತು. ಕಿವಿ ನಿಮಿರಿತು. ಎಲ್ಲಿಂದ? ಯಾಕೆ? ಹಿಂದಿನ ಸ್ಪ್ರಿಂಗು, ಭಾರಕ್ಕೆ. ಆ ಸದ್ದಿಗೆ ಮದ್ದು ಗೊತ್ತಿತ್ತು, ಒಂದು ಚೀಲ ಇಳಿಸಿದರೆ ಆಯಿತು. ನಾನು ಕಿಟಕಿ ಇಳಿಸಿ, ಬೀದರಿನವರೆಗೂ ಅದನ್ನೇ ಕೇಳುತ್ತ ಬಂದೆ.