ಡಂಗುರದ ತಿಬುರ್ಸಿಯೊ ಮತ್ತು ಕುಂಟು ಹೆಸರು

ಮೊದಲು ಬಿಡಿಬಿಡಿಯಾಗಿ ಮೂರು ಪೆಟ್ಟು, ಆಮೇಲೆ ಉದ್ದಕ್ಕೆ ಉರುಳುವ ಸದ್ದು. ಬೆಳಗಿನ ತೇವಕ್ಕೆ ಚರ್ಮ ಸಡಿಲವಾಗಿದ್ದರೆ ಮುದುಕನೊಬ್ಬ ಕೆಮ್ಮಿದ ಹಾಗೆ ಕೇಳುತ್ತಿತ್ತು. ಬಿಸಿಲು ಏರಿದ ಮೇಲೆ ಹೊಳೆಯಾಚೆಗೂ ಮುಟ್ಟುತ್ತಿತ್ತು. ಆ ಸದ್ದಿಗೆ ಸಾಂತಾ ರೂಫಿನಾ ಊರಿನ ಹೆಂಗಸರು ಒಲೆಯ ಮೇಲಿನ ಕಾಫಿ ಇಳಿಸಿ ಬಾಗಿಲಿಗೆ ಬರುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂತವರು ಕೆನ್ನೆಯ ನೊರೆಯ ಸಮೇತ ಬೀದಿಗಿಳಿಯುತ್ತಿದ್ದರು. ತಿಬುರ್ಸಿಯೊ ಡಂಗುರ ಸಾರಲು ಬಂದಿದ್ದಾನೆ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಅವನು ಹುಟ್ಟಿದ್ದು ಕಬ್ಬಿನ ತೋಟದ ಗುಲಾಮರ ಸಾಲುಮನೆಯಲ್ಲಿ. ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಊರಿನ ಹಳೆಯ ಡಂಗುರದವನು ತೋಟದ ಬಾಗಿಲಿಗೆ ಬಂದು, ಇನ್ನು ಈ ದ್ವೀಪದಲ್ಲಿ ಗುಲಾಮರಿಲ್ಲ ಎಂದು ಸಾರಿದ. ಒಡೆಯನಿಗೆ ಆ ಸುದ್ದಿ ಎಷ್ಟೋ ದಿನದಿಂದ ಗೊತ್ತಿತ್ತು. ಕಬ್ಬು ಕಡಿದು ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದ. ಒಬ್ಬ ಮನುಷ್ಯ ಗಂಟಲು ಬಿಚ್ಚಿ ಹೇಳಿದ ಮಾತಿನಿಂದ ತನ್ನ ಬಾಳು ತನ್ನ ಕೈಗೆ ಬಂತು ಎಂಬುದು ತಿಬುರ್ಸಿಯೊನ ಎದೆಯಲ್ಲಿ ಕೂತುಬಿಟ್ಟಿತು. ಬಿಡುಗಡೆಯಾದವರು ಇನ್ನೂ ಮೂರು ವರ್ಷ ದುಡಿಯಲೇಬೇಕೆಂಬ ಕೂಲಿಯ ಕರಾರು ಮುಗಿದ ಕೂಡಲೇ ಅವನು ಆ ಮುದುಕನ ಮನೆ ಹುಡುಕಿಕೊಂಡು ಹೋಗಿ, ನಿಮ್ಮ ಡಂಗುರ ನಾನು ಹೊರುತ್ತೇನೆ ಎಂದ. ಮುದುಕ ಸಾಯುವಾಗ ಅದನ್ನು ಅವನ ಹೆಗಲಿಗೇ ಹಾಕಿ ಸತ್ತ.

ತಿಬುರ್ಸಿಯೊನಿಗೆ ಓದು ಬಾರದು. ಪುರಭವನದ ಗುಮಾಸ್ತ ಒಮ್ಮೆ ಓದಿದರೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ, ತುಟಿ ಅಲುಗುತ್ತಿತ್ತು, ಅಷ್ಟೇ. ಆಮೇಲೆ ಬೀದಿಬೀದಿಯಲ್ಲೂ ಒಂದಕ್ಷರ ಆಚೀಚೆಯಾಗದಂತೆ ಸಾರುತ್ತಿದ್ದ. ತೆರಿಗೆ, ತಪ್ಪಿಸಿಕೊಂಡ ಹಸು, ಸಿಡುಬು, ಯಾರದೋ ಮದುವೆ, ಏನೇ ಇರಲಿ.

1899ರ ಆಗಸ್ಟಿನಲ್ಲಿ ಬಿರುಗಾಳಿ ಬಂದಾಗ ಅವನ ಮನೆಯೂ ಹಾರಿಹೋಯಿತು. ಅದನ್ನು ನೋಡುತ್ತ ನಿಲ್ಲದೆ ಅವನು ಗುಡ್ಡ ಹತ್ತಿ, ಕೊಚ್ಚಿಹೋದ ಕಾಫಿ ತೋಟಗಳ ನಡುವೆ ಕಾಣೆಯಾದವರ ಹೆಸರು ಹಿಡಿದು ಕೂಗುತ್ತ ಅಲೆದ. ಒಂದು ಕುಸಿದ ಸೂರಿನ ಕೆಳಗಿಂದ ಹೆಣ್ಣುಮಗಳೊಬ್ಬಳು ಓಗೊಟ್ಟಳು. ಬೇರೆಯವರು ಅದೇ ದಾರಿಯಲ್ಲಿ "ಯಾರಿದ್ದೀರಿ" ಎಂದು ಕೂಗಿ ಹೋಗಿದ್ದರಂತೆ. ತನ್ನ ಹೆಸರು ಕಿವಿಗೆ ಬಿದ್ದಾಗಲೇ ಅವಳಿಗೆ ಎಚ್ಚರವಾದದ್ದು. ಪುರಭವನದವರು ಆಮೇಲೆ ಅವನಿಗೂ ಹೆಂಡತಿ ಕಾಸಿಲ್ದಾಳಿಗೂ ಹಿತ್ತಿಲ ಕಡೆಯ ಒಂದು ಕೋಣೆ ಕೊಟ್ಟರು. ಡಂಗುರದ ಕೆಲಸ ಇರುವ ತನಕ ಕೋಣೆ.

ಸ್ಪೇನಿನವರನ್ನು ಸೋಲಿಸಿ ಅಮೆರಿಕದವರು ದ್ವೀಪಕ್ಕೆ ಬಂದಿಳಿದು ಬಿರುಗಾಳಿಯ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಅವರು ಕಾಲಿಟ್ಟ ದಿನ ಅವರ ಸೇನಾಪತಿಯ ಮಾತನ್ನು ಸಾರಿದವನೂ ತಿಬುರ್ಸಿಯೊನೇ. ನಿಮ್ಮ ಮೇಲೆ ದಂಡೆತ್ತಿ ಬಂದಿಲ್ಲ, ನಿಮಗೆ ಸ್ವಾತಂತ್ರ್ಯ ತಂದಿದ್ದೇವೆ ಎಂಬ ಮಾತು. ಅವತ್ತು ಅವನು ಯಾರೂ ಹೇಳದಿದ್ದರೂ ಕೊನೆಯಲ್ಲಿ ಇನ್ನೊಂದು ಸುತ್ತು ಡಂಗುರ ಬಾರಿಸಿದ್ದ. ಸ್ವಾತಂತ್ರ್ಯ ಎಂಬುದನ್ನು ಒಮ್ಮೆ ಡಂಗುರದ ಬಾಯಲ್ಲೇ ಕೇಳಿದವನು; ಎರಡನೆಯ ಸಲವೂ ಅದು ನಿಜವೇ ಇರಬೇಕು ಎಂದುಕೊಂಡಿದ್ದ.

ಈಗ 1901, ಹೊಸ ವರ್ಷದ ಮೊದಲ ವಾರ. ಗುಮಾಸ್ತ ದೊನ್ ಫುಲ್ಹೆನ್ಸಿಯೊ ಕನ್ನಡಕ ಒರೆಸಿಕೊಂಡು ಹೊಸ ಆಜ್ಞೆ ಓದಿದ.

"ಇನ್ಮುಂದೆ ಈ ದ್ವೀಪದ ಹೆಸರು ಪೋರ್ಟೊ ರಿಕೊ. ಕಚೇರಿ, ಶಾಲೆ, ಅಂಗಡಿ ಹಲಗೆ, ಎಲ್ಲಾ ಕಡೆ ಹೀಗೇ ಇರಬೇಕು. ಇಲ್ಲಿ ಹುಟ್ಟಿದವರೆಲ್ಲ ಪೋರ್ಟೊ ರಿಕೊದ ಪ್ರಜೆಗಳು."

"ಇನ್ನೊಂದ್ಸಲ ಓದಿ ದೊನ್ ಫುಲ್ಹೆನ್ಸಿಯೊ. ನಿಮಗೆ ಶೀತ ಆಗಿರೋ ಹಾಗಿದೆ."

"ಶೀತ ಆಗಿರೋದು ನನಗಲ್ಲಪ್ಪ, ವಾಷಿಂಗ್ಟನ್ನಿಗೆ."

ಪುಯೆರ್ತೊ ರೀಕೊ. ಊರವರ ಬಾಯಲ್ಲಿ ದ್ವೀಪದ ಹೆಸರು ಅದು: ಪುಯೆರ್ತೊ ಎಂದರೆ ಬಂದರು, ರೀಕೊ ಎಂದರೆ ಸಿರಿಯುಳ್ಳದ್ದು. ಸಿರಿ ಈಗ ಯಾರ ಮನೆಯಲ್ಲೂ ಇರಲಿಲ್ಲ, ಆದರೆ ಹೆಸರಿನಲ್ಲಿತ್ತು.

"ಪೋರ್ಟೊ ಅಂದ್ರೆ ಏನು?"

"ಏನೂ ಅಲ್ಲ. ನಮ್ಮ ಮಾತಲ್ಲೂ ಏನಲ್ಲ, ಅವರ ಮಾತಲ್ಲೂ ಏನಲ್ಲ. ಅವರ ನಾಲಗೆಗೆ ಸಲೀಸು, ಅಷ್ಟೇ."

"ಅವರ ನಾಲಗೆ ಹೊರಳದಿದ್ರೆ ನಮ್ಮ ಹೆಸರು ಯಾಕೆ ಕುಂಟಬೇಕು?" ಎಂದ ತಿಬುರ್ಸಿಯೊ. "ಸರಿ, ಆ ಪ್ರಜೆಗಳು ಅಂದ್ರಲ್ಲ, ನಾವೀಗ ಅಮೆರಿಕದ ಪ್ರಜೆಗಳಾ?"

"ಅಲ್ಲ."

"ಸ್ಪೇನಿನವರಾ?"

"ಅದು ಹೋಯ್ತಲ್ಲ."

"ಹಾಗಾದ್ರೆ ಇಲ್ಲದೇ ಇರೋ ಊರಿನ ಪ್ರಜೆಗಳು."

ಗುಮಾಸ್ತ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಮಾರಾಯ, ಅವರ ಕಡೆಯ ಅಧಿಕಾರಿ ಇವತ್ತು ಊರಲ್ಲೇ ಇದ್ದಾನೆ. ಮೇಯರ್ ಸಾಹೇಬರು ಬೆಳಿಗ್ಗೆಯಿಂದ ಬೆವರ್ತಾ ಇದ್ದಾರೆ. ಬರೆದಿರೋ ಹಾಗೇ ಸಾರಿಬಿಡು. ಆ ಕೋಣೆ ನೆನಪಿರಲಿ."

ಕೋಣೆ ನೆನಪಿತ್ತು. ಚೌಕದಲ್ಲಿ ಜನ ಸೇರಿದ ಮೇಲೆ ಅವನು ಕಣ್ಣು ಮುಚ್ಚಿ, ಓದಿದ ಹಾಗೆಯೇ ಸಾರಿದ. ಪೋರ್ಟೊ ರಿಕೊ. ಮಾತು ಕಲ್ಲು ಸಿಕ್ಕ ಅನ್ನದ ಹಾಗೆ ಹಲ್ಲಿಗೆ ತಾಗಿತು.

ಮೀನು ಮಾರುವ ಮೊನ್ಸೆರಾತೆ ಬುಟ್ಟಿಯ ಹಿಂದಿನಿಂದ ಕೇಳಿದಳು: "ತಿಬುರ್ಸಿಯೊ, ಮುಂದಿನ ಹಲ್ಲು ಉದುರಿದ್ವೇನೋ?"

"ಹಲ್ಲಲ್ಲ ಕಣೇ," ಎಂದ ಕ್ಷೌರಿಕ, "ಹೊಸ ಒಡೆಯರು ನಾಲಗೇಲಿ ಒಂದು ತುಂಡು ಕೊಯ್ಕೊಂಡು ಹೋಗಿದ್ದಾರೆ."

ಚೌಕವಿಡೀ ನಕ್ಕಿತು. ಇಷ್ಟು ವರ್ಷ ಊರು ಅವನ ಜೊತೆ ನಕ್ಕಿತ್ತು. ಅವನನ್ನು ನೋಡಿ ನಕ್ಕದ್ದು ಅದೇ ಮೊದಲು. ಅದನ್ನಾದರೂ ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ನಗದೆ ನಿಂತಿದ್ದ ಒಬ್ಬ ಮುದುಕಿ ಕೋಲೂರಿಕೊಂಡು ಹತ್ತಿರ ಬಂದಳು. ಅವಳ ಮೊಮ್ಮಗನನ್ನು ಎರಡು ತಿಂಗಳ ಹಿಂದೆ ಕೂಲಿಯ ಆಸೆ ತೋರಿಸಿ ಹವಾಯಿಗೆ ಹಡಗು ಹತ್ತಿಸಿದ್ದರು. ಅದೂ ಅಮೆರಿಕದವರೇ ಹೊಸದಾಗಿ ಕಸಿದುಕೊಂಡ ಇನ್ನೊಂದು ದ್ವೀಪ, ಅಲ್ಲಿಯೂ ಕಬ್ಬು.

"ಆ ಊರು ಎಲ್ಲಿದೆಯಪ್ಪಾ? ನನ್ನ ಹುಡುಗನ್ನ ಹವಾಯಿಗೆ ಕಳಿಸಿದ್ರು. ಉಳಿದೋರನ್ನ ಈ ಪೋರ್ಟೊಗೆ ಕಳಿಸ್ತಾರಾ?"

"ಬೇರೆ ಊರಲ್ಲ ಅಜ್ಜಿ. ನಮ್ಮದೇ."

"ನಮ್ಮದಾದ್ರೆ ನಮ್ಮ ಹಾಗೆ ಹೇಳು. ನೀನೇ ಹಿಂಗಂದ್ರೆ ನಾವು ಯಾರನ್ನ ಕೇಳೋಣ?"

ಹೊಳೆಯ ಕಡೆಯ ಬೀದಿಗೆ ನಡೆಯುವಾಗ ಅವನ ಕಿವಿ ಬಿಸಿಯಾಗಿತ್ತು. ಬಂದವರು ಬಂದರಿನ ಸುಂಕದ ಕಟ್ಟೆ ತೆಗೆದುಕೊಂಡರು, ಕೋಟೆ ತೆಗೆದುಕೊಂಡರು, ಬಿರುಗಾಳಿ ಬಿಟ್ಟ ತೋಟಗಳನ್ನು ಚಿಲ್ಲರೆ ಬೆಲೆಗೆ ತೆಗೆದುಕೊಂಡರು. ಅದೆಲ್ಲ ದೊಡ್ಡವರ ಜಗಳ ಎಂದು ಅವನು ಸುಮ್ಮನಿದ್ದ. ಈಗ ಕೈ ಹಾಕಿದ್ದು ಅವನ ಬಾಯಿಗೆ. ಸ್ವಾತಂತ್ರ್ಯ ತಂದೆವು ಎಂದು ಇದೇ ಬಾಯಲ್ಲಿ ಹೇಳಿಸಿದವರು, ಈಗ ಅದೇ ಬಾಯಲ್ಲಿ, ನಿನ್ನ ನೆಲದ ಹೆಸರು ನಿನಗೆ ಗೊತ್ತಿಲ್ಲ ಎಂದು ಹೇಳಿಸುತ್ತಿದ್ದಾರೆ.

ಹೊಳೆಯ ದಂಡೆಯಲ್ಲಿ ಡಂಗುರ ಬಾರಿಸಿ, ಆಜ್ಞೆಯನ್ನೆಲ್ಲ ಸಾರಿದ. ಹೆಸರು ಬಂದ ಕಡೆಯಲ್ಲೆಲ್ಲ ಪುಯೆರ್ತೊ ರೀಕೊ ಎಂದ, ಉಸಿರು ತುಂಬಿಕೊಂಡು, ಬಟ್ಟೆ ಒಗೆಯುವವರ ಕೈ ನಿಲ್ಲುವ ಹಾಗೆ. ಕುದುರೆಯ ಮೇಲೆ ಆ ಕಡೆ ಹೊರಟಿದ್ದ ಅಧಿಕಾರಿಯೂ ಪಕ್ಕದಲ್ಲಿದ್ದ ಮೇಯರೂ ಅದನ್ನು ಕೇಳಿದರು.

ಕೋಣೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆಯೇ ಬಂದಿತ್ತು.

"ಗಾಳಿಗೆ ಒಂದು ಮನೆ ಹೋಯ್ತು," ಎಂದಳು ಕಾಸಿಲ್ದಾ, ಬಾಳೆಕಾಯಿಯನ್ನು ಕುಟ್ಟುತ್ತ. "ಈ ಕೋಣೆ ನಿನ್ನ ಬಾಯಿಗೆ ಹೋಗುತ್ತೆ."

"ಅವರ ಹಾಗೇ ಹೇಳ್ಬಿಡ್ಲಾ ಹಾಗಾದ್ರೆ? ನೀನು ಹೇಳು ಅಂದ್ರೆ ಹೇಳ್ತೀನಿ."

ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ನನ್ನ ಮೇಲೆ ಹಾಕ್ಬೇಡ. ಕರೆ ಬಂದಿದೆ, ಉಂಡ್ಕೊಂಡು ಹೋಗು. ಹಸಿದ ಹೊಟ್ಟೇಲಿ ಯಾರಿಗೂ ಏನೂ ಒಪ್ಕೋಬಾರದು."

ಪುರಭವನದಲ್ಲಿ ಮೇಯರ್ ದೊನ್ ಆನ್ಸೆಲ್ಮೊ ನಿಂತಿದ್ದ, ಅಧಿಕಾರಿ ಕೂತಿದ್ದ. ಕೆಂಪು ಮುಖದ, ಕೆಡುಕು ಕಾಣದ ಹುಡುಗ. ನಾಲ್ಕು ಮಾತು ಸ್ಪ್ಯಾನಿಷ್ ಕಲಿತಿದ್ದ. ಮಗುವಿಗೆ ಕಲಿಸುವವನ ಹಾಗೆ ತುಟಿ ದುಂಡಗೆ ಮಾಡಿ ತೋರಿಸಿದ.

"ಪೋರ್ಟೊ. ಸುಲಭ. ಪೋರ್, ಟೊ."

"ಸಾಹೇಬರ ಹೆಸರೇನು?" ಎಂದು ಕೇಳಿದ ತಿಬುರ್ಸಿಯೊ.

"ಹಚಿನ್ಸನ್."

"ಉಚಿನ್ಸೊನ್."

"ಅಲ್ಲ, ಅಲ್ಲ. ಹಚಿನ್ಸನ್."

ತಿಬುರ್ಸಿಯೊ ಕಣ್ಣು ಮುಚ್ಚಿದ. ತುಟಿ ಅಲುಗಿತು. "ಹಚಿನ್ಸನ್," ಎಂದ, ಒಂದು ಸ್ವರವೂ ಸೊಟ್ಟಾಗದಂತೆ.

ಅಧಿಕಾರಿ ಖುಷಿಯಾಗಿ ಮೇಜು ತಟ್ಟಿದ. ನೋಡಿ, ಕಲಿಯುತ್ತಾನೆ ಎಂದು ಮೇಯರನಿಗೆ ಹೇಳಿದ. ಮೇಯರ್ ಕಿಟಕಿಯ ಕಡೆ ತಿರುಗಿಕೊಂಡ. ಕಿವಿಯ ಬುಡ ಕೆಂಪಾಗಿತ್ತು. ತುಸು ಹೊತ್ತಿನ ಮೇಲೆ ಹತ್ತಿರ ಬಂದು ತಿಬುರ್ಸಿಯೊನ ತೋಳು ಹಿಡಿದ.

"ನೋಡೋ, ನನ್ನ ಕಾಫಿ ಗಿಡ ಎಲ್ಲಾ ಸತ್ತಿವೆ. ಇವರ ಕೈ ನೋಡ್ದೆ ನಾನು ಬದುಕೋ ಹಾಗಿಲ್ಲ. ಒಂದ್ಸಲ ಹೇಳ್ಬಿಡು. ಇಲ್ಲೇ, ಇವನ ಎದುರಿಗೆ, ಒಂದೇ ಸಲ. ಕೆಲಸ ನಿಂದು, ಕೋಣೆ ನಿಂದು."

"ಚೌಕದಲ್ಲಿ ಹೇಳಿದ್ನಲ್ಲ ದೊನ್ ಆನ್ಸೆಲ್ಮೊ. ಒಂದ್ಸಲ ಆಯ್ತು. ಅಲ್ಲೊಬ್ಬಳು ಅಜ್ಜಿ ತನ್ನ ಊರು ಎಲ್ಲಿದೆ ಅಂತ ನನ್ನ ಕೇಳಿದ್ಲು."

"ಜೋರಾಗಿ ಬೇಡ ಹಾಗಾದ್ರೆ. ಮೆಲ್ಲಗೆ ಹೇಳು. ಯಾರಿಗೂ ಕೇಳಿಸದ ಹಾಗೆ."

ಇಪ್ಪತ್ತು ವರ್ಷ ಊರಿಗೆಲ್ಲ ಕೇಳುವ ಹಾಗೆ ಕೂಗಿದವನು ಮೇಯರನ ಮುಖವನ್ನು ನೋಡಿದ. ಅವನ ಬೆರಳುಗಳನ್ನು ತೋಳಿನಿಂದ ಮೆಲ್ಲಗೆ ಬಿಡಿಸಿ ಮೆಟ್ಟಿಲ ಕಡೆ ತಿರುಗಿದ.

"ಬರೀ ತುಟಿ ಅಲ್ಲಾಡಿಸಿದ್ರೂ ಸಾಕು ಕಣೋ," ಎನ್ನುತ್ತಿದ್ದ ದೊನ್ ಆನ್ಸೆಲ್ಮೊ, "ನಾನು ಇವನಿಗೆ ಹೇಗೋ ಹೇಳ್ಕೋತೀನಿ, ಕಾಸಿಲ್ದಾನ್ನಾದ್ರೂ ನೆನಪು ಮಾಡ್ಕೋ, ಮಳೆಗಾಲ ಬಂದ್ರೆ ಅವಳನ್ನ ಎಲ್ಲಿ..."

ತಿಬುರ್ಸಿಯೊ ಆಗಲೇ ಬೀದಿಗೆ ಇಳಿದಿದ್ದ.