ಹುಳ ಮುಟ್ಟಿದ್ದು

ನಮ್ಮದು ರಾಮಥಾಳದ ಆಚೆಗಿನ ಸಣ್ಣ ಊರು. ನೀರಾವರಿ ಬಂದ ಮೇಲೆ ಹೊಲ ಹಸಿರಾಯಿತು, ಇಲಿ ಹೆಚ್ಚಾದವು, ಇಲಿಯ ಹಿಂದೆ ಬರಬೇಕಾದದ್ದೂ ಬಂತು. ಅದರ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹೇಳಿದರೆ ಕರೆದಂತೆ. ಹಾವು ಕಂಡರೆ 'ಹುಳ ಐತಿ' ಎನ್ನುತ್ತೇವೆ, ಕಚ್ಚಿದರೆ 'ಹುಳ ಮುಟ್ಟೇತಿ'. ಅದರಲ್ಲೂ ಕಚ್ಚಿಸಿಕೊಂಡವರ ಎದುರು ಹೆಸರೆತ್ತಿದರೆ ವಿಷ ಸರ್ರನೆ ತಲೆಗೇರುತ್ತದೆ ಎಂಬುದು ಅಪ್ಪನ ನಂಬಿಕೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅಪ್ಪನ ನಂಬಿಕೆಗಳನ್ನು ಸುಡಲು ಯಾರೂ ಹೋಗಿಲ್ಲ.

ಕಳೆದ ವರ್ಷ ಪಂಚಾಯ್ತಿಯಲ್ಲಿ ರೈತರಿಗೆ ಒಂದು ತರಬೇತಿ ನಡೆಯಿತು, ಆಪತ್ತು ಬಂದರೆ ಏನು ಮಾಡಬೇಕೆಂದು. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಅಲ್ಲಾಡಿಸದೆ ಮಲಗಿಸಿ, ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ ಎಂದರು. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಎಲ್ಲಕ್ಕೂ ತಲೆಯಾಡಿಸಿದ. ಮರುದಿನವೇ ಇಳಕಲ್ಲಿಗೆ ಹೋಗಿ ಒಂದು ಬ್ಯಾಟರಿ, ಅವ್ವನಿಗೊಂದು ಜೋಡಿ ಗಂಬೂಟು ತಂದ. ಹೊಸ ಗಂಬೂಟು ಕೆಸರಾದೀತೆಂದು ಅವ್ವ ಅದನ್ನು ಟ್ರಂಕಿನಲ್ಲಿಟ್ಟಳು. ನಮ್ಮಷ್ಟು ಸಜ್ಜಾದ ಮನೆ ಊರಲ್ಲಿ ಇನ್ನೊಂದಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಅವ್ವ ಎಮ್ಮೆಗೆಂದು ಬಣವೆಯಿಂದ ಜೋಳದ ಕಣಕಿ ಹಿರಿಯುವಾಗ ಅವಳ ಬರಿಗಾಲಿಗೆ ಕಚ್ಚಿತು. ಹೆಡೆ ನೋಡಿದವನು ಅಪ್ಪ ಒಬ್ಬನೇ. ಹೇಳಿಕೊಟ್ಟಂತೆಯೇ ಅವಳನ್ನು ಪಡಸಾಲೆಯಲ್ಲಿ ಮಲಗಿಸಿದೆವು, ನಾನು ಕಾಲು ಅಲ್ಲಾಡದಂತೆ ಹಿಡಿದೆ, ಅಪ್ಪ ಫೋನ್ ಮಾಡಿದ.

"ಹುಳ ಮುಟ್ಟೇತ್ರಿ," ಎಂದ.

ಆ ಕಡೆಯ ಹುಡುಗಿಯದು ಬೆಂಗಳೂರು ಕಡೆಯ ಕನ್ನಡ, ಬಹಳ ಸಭ್ಯವಾದದ್ದು. ಯಾವ ಹುಳ ಎಂದು ಕೇಳಿದಳು. ದೊಡ್ಡ ಹುಳ ಎಂದ ಅಪ್ಪ. ಜೇನೋ ಚೇಳೋ ಎಂದಳು. ಉದ್ದನ್ನದು ಎಂದ. ಜರಿಯೇ ಎಂದಳು. ಕಾಲಿಲ್ಲದ್ದು ಎಂದ. ಎರೆಹುಳವೇ ಎಂದು ಕೇಳುವಾಗ ಅವಳ ದನಿಯಲ್ಲೇ ಅನುಮಾನವಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕಸಿಯಲು ನಾನು ಏಳುವಷ್ಟರಲ್ಲಿ ಅವ್ವ ಮಲಗಿದಲ್ಲಿಂದಲೇ ಕೈ ಚಾಚಿ ಅದನ್ನು ಇಸಿದುಕೊಂಡಳು.

"ಹಾಂವ ಕಡದೈತಿ ತಂಗಿ. ಲಗೂನ ಗಾಡಿ ಕಳಸವ್ವ."

ಅಪ್ಪ ಕಿವಿ ಮುಚ್ಚಿಕೊಂಡ. ಕಚ್ಚಿಸಿಕೊಂಡವರೇ ಹೆಸರು ಹೇಳಿದರೆ ಏನಾಗುತ್ತದೆಂದು ಹಿರಿಯರು ಯಾರೂ ಹೇಳಿರಲಿಲ್ಲ.

ಗಾಡಿ ಬಂತು. ಹುನಗುಂದದ ದವಾಖಾನೆ ಮುಟ್ಟುವ ಹೊತ್ತಿಗೆ ಅವ್ವನ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ನಿಂತಿತ್ತು. ಕಚ್ಚಿದ್ದನ್ನು ಕಣ್ಣಾರೆ ನೋಡಿದವರು ಯಾರು, ಏನದು ಎಂದು ಡಾಕ್ಟರು ಕೇಳಿದರು. ಅಪ್ಪ ಅವ್ವನ ಕಡೆ ನೋಡಿದ. ಈ ಸಲ ಅವಳು ಹೇಳುವ ಹಾಗಿರಲಿಲ್ಲ.

"ಹಾಂವ್ರಿ," ಎಂದ. "ನಾಗರಹಾಂವ."

ಎಂದವನೇ ಅವಳ ಕೈ ಹಿಡಿದು, ವಿಷ ಏರಿತೇನೋ ಎಂದು ಮುಖವನ್ನೇ ನೋಡುತ್ತ ನಿಂತುಬಿಟ್ಟ. ಇಂಜೆಕ್ಷನ್ ಕೊಡಲು ನರ್ಸು ಅವನನ್ನು ಪಕ್ಕಕ್ಕೆ ಸರಿಸಬೇಕಾಯಿತು. ಅಷ್ಟು ಹೊತ್ತು ಅವನ ಮೇಲಿದ್ದ ನನ್ನ ಸಿಟ್ಟು ಇಳಿದು ಅಳು ಬಂತು.

ಮರುದಿನ ಮಧ್ಯಾಹ್ನ ಅವ್ವ ಪೂರ್ತಿ ಕಣ್ಣು ತೆರೆದಳು. ಡಾಕ್ಟರು ಇನ್ನು ಭಯವಿಲ್ಲ ಎಂದರು. ಅವರು ಆಚೆ ಹೋಗುವುದನ್ನೇ ಕಾಯುತ್ತಿದ್ದ ಅಪ್ಪ ಮಂಚದ ಬಳಿ ಬಗ್ಗಿದ.

"ನಿನ್ನಿ ನಿನ್ನ ಮುಂದನ ಅದರ ಹೆಸರ ಹೇಳಿಬಿಟ್ನಿ," ಎಂದ.

"ಕೇಳಿಸ್ತು," ಎಂದಳು ಅವ್ವ. "ಅಲ್ಲೀತನಾ ನನಗೇನೂ ಅನಿಸಿರಲಿಲ್ಲ. ನಿಮ್ಮ ಬಾಯಾಗ ಆ ಹೆಸರ ಬಂತು ನೋಡ್ರಿ, ಆವಾಗ ಖರೆ ಅಂಜಿಕಿ ಬಂತು."